ಉಗಾಂಡಾದ ಹಳ್ಳಿ ತೋಟದಲ್ಲಿ ಸ್ವಯಂಸೇವೆ: ಹೊರಡುವ ಮೊದಲಿನಿಂದ ವಾಪಸ್ ಬರುವವರೆಗಿನ ಸಮಗ್ರ ಮಾರ್ಗದರ್ಶಿ

ಉಗಾಂಡಾದ ಯಾವ ಹಳ್ಳಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು 20 ಲೀಟರಿನ ಹಳದಿ ಜೆರಿಕ್ಯಾನ್. ತುಂಬಿದರೆ 20 ಕಿಲೋ ತೂಕ. ಒರತೆಯಿಂದಲೋ ಬೋರ್‌ವೆಲ್‌ನಿಂದಲೋ ಅದನ್ನು ಯಾರಾದರೂ ಹೊತ್ತು ತರಲೇಬೇಕು. ಹೆಚ್ಚಾಗಿ ಅದು ಹೆಂಗಸರ, ಮಕ್ಕಳ ಕೆಲಸ. ಕರೆಂಟ್ ಇಲ್ಲದ, ನಲ್ಲಿ ಇಲ್ಲದ ತೋಟದ ಮನೆಗೆ ನೀವು ಕಾಲಿಟ್ಟ ದಿನದಿಂದ ಆ ಮನೆಗೆ ಒಂದು ಕ್ಯಾನ್ ನೀರು ಜಾಸ್ತಿ ಬೇಕು, ಒಂದು ತಟ್ಟೆ ಊಟ ಜಾಸ್ತಿ ಬೇಕು, ನಿಮಗೆ ಕೆಲಸ ಹೇಳಿಕೊಡಲು ಒಬ್ಬರ ಸಮಯವೂ ಬೇಕು. ಸಹಾಯಕ್ಕೆಂದು ಹೋದವರು ಶುರುವಿನಲ್ಲಿ ಹೊರೆಯೇ ಆಗಿರುತ್ತಾರೆ. ಆ ಹೊರೆಯ ದಿನಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವುದು ಹೇಗೆ? ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿಯೇ.

ಆಫ್ರಿಕಾದಲ್ಲಿ 54 ದೇಶಗಳಿವೆ. ಎಲ್ಲಕ್ಕೂ ಹೊಂದುವ ಒಂದೇ ಸಲಹೆ ಇಲ್ಲ. ಹಾಗಾಗಿ ಉಗಾಂಡಾದ ಮಸಾಕಾ ಭಾಗವನ್ನು ಆರಿಸಿಕೊಂಡಿದ್ದೇನೆ. ರಾಜಧಾನಿ ಕಂಪಾಲಾದಿಂದ ನೈಋತ್ಯಕ್ಕೆ ಸುಮಾರು 130 ಕಿಲೋಮೀಟರ್. ಬಾಳೆ, ರೊಬಸ್ಟಾ ಕಾಫಿ, ಹಲಸು, ಬೆಣ್ಣೆಹಣ್ಣು, ಹುರುಳಿಕಾಯಿ ಬೀನ್ಸ್ ಎಲ್ಲ ಒಂದೇ ತುಂಡು ನೆಲದಲ್ಲಿ ಬೆಳೆಯುವ ಜಾಗ. ಕೊಡಗಿನವರಿಗೆ, ಮಲೆನಾಡಿನವರಿಗೆ ಅರ್ಧ ಗೊತ್ತಿರುವ ಊರಿನ ಹಾಗೆ ಅನ್ನಿಸೀತು. ಆದರೆ ಆ ಅರ್ಧವನ್ನು ನಂಬಿ ಉಳಿದದ್ದನ್ನೂ ಊಹಿಸಿಕೊಳ್ಳಬೇಡಿ.

ಹಂತ 1: ಮಳೆ ನೋಡಿ ದಿನ ಗೊತ್ತು ಮಾಡಿ

ರಜೆ ಯಾವಾಗ ಸಿಗುತ್ತದೆ ಎಂದು ನೋಡಿ ಹೋಗುವವರೇ ಜಾಸ್ತಿ. ತೋಟಕ್ಕೆ ನಿಮ್ಮ ರಜೆ ಗೊತ್ತಿಲ್ಲ. ಈ ಭಾಗ ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ. ಕಂಪಾಲಾದಿಂದ ಮಸಾಕಾಗೆ ಹೋಗುವ ದಾರಿಯಲ್ಲಿ ಕಯಾಬ್ವೆ ಎಂಬಲ್ಲಿ ರೇಖೆಯನ್ನು ದಾಟಿಯೇ ಹೋಗಬೇಕು. ಹೀಗಾಗಿ ವರ್ಷಕ್ಕೆ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ಒಂದು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇನ್ನೊಂದು. ನೆಲ ಅಗೆದು ಹದ ಮಾಡುವುದು, ಗುಣಿ ತೋಡುವುದು, ನೀರು ತಡೆಯುವ ಕಾಲುವೆ ತೆಗೆಯುವುದು ಮಳೆಗೆ ಮುಂಚೆ. ಬಿತ್ತನೆ ಮಳೆ ಹಿಡಿದ ಕೂಡಲೇ. ಕೈಗಳು ನಿಜವಾಗಿ ಕಡಿಮೆ ಬೀಳುವುದು ಈ ಹೊತ್ತಿನಲ್ಲೇ.

ಫೆಬ್ರವರಿ ನಡುವೆ ಅಥವಾ ಆಗಸ್ಟ್ ನಡುವೆ ತಲುಪುವುದು ಒಳ್ಳೆಯದು. ಕನಿಷ್ಠ ಎರಡು ತಿಂಗಳು ಇರಿ. ಮೂರು ತಿಂಗಳಾದರೆ ನೀವೇ ಹಾಕಿದ ಬೀನ್ಸ್ ಕೊಯ್ದು ಬರಬಹುದು. ಎರಡು ವಾರ ಮಾತ್ರ ಸಿಗುತ್ತದೆ ಅನ್ನುವವರಿಗೆ ನನ್ನ ಸಲಹೆ ನೇರವಾದದ್ದು: ಸ್ವಯಂಸೇವಕರಾಗಿ ಹೋಗಬೇಡಿ. ದುಡ್ಡು ಕೊಟ್ಟು ಉಳಿಯುವ ಅತಿಥಿಯಾಗಿ ಹೋಗಿ, ನೋಡಿ, ಕಲಿತು ಬನ್ನಿ. ಅದೂ ಗೌರವದ ಕೆಲಸವೇ.

ಹಂತ 2: ತೋಟ ಆರಿಸುವುದು

ಹುಡುಕಲು ದಾರಿಗಳಿವೆ. ಸಾವಯವ ತೋಟಗಳನ್ನೂ ಸ್ವಯಂಸೇವಕರನ್ನೂ ಸೇರಿಸುವ ವೂಫ್ ಜಾಲ ಉಗಾಂಡಾದಲ್ಲೂ ಇದೆ. 2001ರಲ್ಲಿ ಶುರುವಾದ ನೊಗಾಮು ಆ ದೇಶದ ಸಾವಯವ ಕೃಷಿಕರ ಒಕ್ಕೂಟ. ಒಂದು ತೋಟದ ಹೆಸರು ಸಿಕ್ಕಿದ ಮೇಲೆ ಅವರ ಬಗ್ಗೆ ವಿಚಾರಿಸಲು ಇಂಥ ಸಂಸ್ಥೆಗಳು ಉಪಯೋಗಕ್ಕೆ ಬರುತ್ತವೆ. ಚಂದದ ಫೋಟೋ ನೋಡಿ ಸುಮ್ನೆ ದುಡ್ಡು ಕಳಿಸಬೇಡಿ. ಮೊದಲು ಫೋನಿನಲ್ಲಿ ಮಾತಾಡಿ.

ಕೇಳಲೇಬೇಕಾದ ಪ್ರಶ್ನೆಗಳು ಇವು. ನಾನು ಬರುವ ತಿಂಗಳಲ್ಲಿ ತೋಟದಲ್ಲಿ ಯಾವ ಕೆಲಸ ನಡೆಯುತ್ತದೆ? ನಾನು ಬರದಿದ್ದರೆ ಆ ಕೆಲಸವನ್ನು ಯಾರು ಮಾಡುತ್ತಿದ್ದರು? ನೀರು ಎಲ್ಲಿಂದ, ಯಾರು ತರುತ್ತಾರೆ? ಊಟ, ವಸತಿಗೆ ದಿನಕ್ಕೆ ಎಷ್ಟು ಕೊಡಬೇಕು, ಆ ದುಡ್ಡು ಯಾರ ಕೈಗೆ ಹೋಗುತ್ತದೆ? ಹತ್ತಿರದ ಆರೋಗ್ಯ ಕೇಂದ್ರ ಎಷ್ಟು ದೂರ, ಅದು ಯಾವ ಮಟ್ಟದ್ದು? ಅಲ್ಲಿ ಸರ್ಕಾರಿ ಕೇಂದ್ರಗಳಿಗೆ ಎರಡು, ಮೂರು, ನಾಲ್ಕು ಅಂತ ಮಟ್ಟಗಳಿವೆ. ಎರಡನೆಯ ಮಟ್ಟದಲ್ಲಿ ಸಣ್ಣ ಪುಟ್ಟ ಚಿಕಿತ್ಸೆ ಮಾತ್ರ. ಆಪರೇಷನ್ ಕೋಣೆ ಇರುವುದು ನಾಲ್ಕನೆಯದರಲ್ಲಿ. ಹಿಂದೆ ಬಂದಿದ್ದ ಸ್ವಯಂಸೇವಕರೊಬ್ಬರ ಜೊತೆ ಮಾತಾಡಿಸಿ ಎಂದೂ ಕೇಳಿ.

ಎರಡನೇ ಪ್ರಶ್ನೆ ಬಹಳ ಮುಖ್ಯ. ಊರಿನ ಯಾರೋ ಕೂಲಿಗೆ ಅಗೆಯುತ್ತಿದ್ದ ನೆಲವನ್ನು ನೀವು ಬಿಟ್ಟಿ ಅಗೆದರೆ ಅವರ ಆ ದಿನದ ಸಂಪಾದನೆ ಹೋಯಿತು. ಕೂಲಿಯವರನ್ನು ಕರೆಯುವ ಕೆಲಸ ಅವರಿಗೇ ಇರಲಿ. ದುಡ್ಡಿಲ್ಲದೆ ವರ್ಷಗಟ್ಟಲೆ ಮುಂದೂಡುತ್ತಾ ಬಂದ ಕೆಲಸಗಳು ಪ್ರತಿ ತೋಟದಲ್ಲೂ ಇರುತ್ತವೆ: ಗೊಬ್ಬರದ ಗುಂಡಿಗೆ ನೆರಳು, ಸಸಿಮಡಿ, ಕುಸಿದ ಬದು. ಅವು ನಿಮ್ಮ ಪಾಲಿಗೆ.

ತೋಟದ ಜೊತೆಗೆ ಅನಾಥಾಶ್ರಮವೂ ಇದೆ, ಮಕ್ಕಳ ಜೊತೆ ಕಾಲ ಕಳೆಯಬಹುದು ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಬಂದು ಹೋಗುವ ಅಪರಿಚಿತರಿಗೆ ಮಕ್ಕಳನ್ನು ತೋರಿಸಿ ದುಡ್ಡು ಎತ್ತುವ ವ್ಯವಹಾರಕ್ಕೆ ನಾವು ಗಿರಾಕಿ ಆಗಬಾರದು.

ಹಂತ 3: ಕಾಗದಪತ್ರ

ಉಗಾಂಡಾ ವೀಸಾಗೆ ಅರ್ಜಿ ಆನ್‌ಲೈನ್‌ನಲ್ಲೇ, ಅಲ್ಲಿನ ಸರ್ಕಾರದ ತಾಣದಲ್ಲಿ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಸಂಬಳ ಇಲ್ಲದ ಕೆಲಸವೂ ಸೇರಿದಂತೆ. ಸ್ವಯಂಸೇವೆಗೆ ಸ್ಪೆಷಲ್ ಪಾಸ್ ಅಥವಾ ವರ್ಕ್ ಪರ್ಮಿಟ್ ಬೇಕು, ಅದಕ್ಕೆ ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯ ಪತ್ರ ಬೇಕು. 'ಟೂರಿಸ್ಟ್ ಅಂತ ಹೇಳಿ ಬನ್ನಿ, ಯಾರೂ ಕೇಳಲ್ಲ' ಎನ್ನುವ ತೋಟವನ್ನು ನಾನಾದರೆ ಆರಿಸುವುದಿಲ್ಲ. ಸಿಕ್ಕಿಬಿದ್ದರೆ ತೊಂದರೆ ನಿಮಗೊಬ್ಬರಿಗೇ ಅಲ್ಲ, ಅವರಿಗೂ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಅದರ ಪ್ರಮಾಣಪತ್ರವನ್ನು ವೀಸಾ ಅರ್ಜಿಯ ಜೊತೆಗೇ ಹಾಕಬೇಕು. ಚುಚ್ಚಿಸಿಕೊಂಡ 10ನೇ ದಿನದಿಂದ ಅದಕ್ಕೆ ಮಾನ್ಯತೆ. 2016ರ ಜುಲೈನಿಂದ ಒಂದು ಡೋಸ್ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುವುದು. ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಳದಿ ಪುಸ್ತಕದ ರೂಪದಲ್ಲಿರುವ ಈ ಪ್ರಮಾಣಪತ್ರ ವಾಪಸ್ ಬರುವಾಗ ಇನ್ನೂ ಮುಖ್ಯ. ಅದಿಲ್ಲದೆ ಉಗಾಂಡಾದಿಂದ ಇಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇಡಬಹುದು. ಅದನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ.

ತುರ್ತಿನಲ್ಲಿ ಸಾಗಿಸುವ ವೆಚ್ಚವನ್ನೂ ಕೊಡುವ ಪ್ರಯಾಣ ವಿಮೆ ಮಾಡಿಸಿ. ಕಂಪಾಲಾದಲ್ಲಿ ಭಾರತದ ಹೈಕಮಿಷನ್ ಇದೆ. ಅದರ ಫೋನ್ ನಂಬರನ್ನು ಒಂದು ಕಾಗದದ ಮೇಲೂ ಬರೆದಿಡಿ. ಫೋನ್ ಚಾರ್ಜ್ ಮುಗಿಯುವುದು ಅಲ್ಲಿ ದಿನನಿತ್ಯದ ಮಾತು.

ಹಂತ 4: ಆರೋಗ್ಯ

'ಮಲೇರಿಯಾ ನಮ್ಮಲ್ಲೂ ಇದೆಯಲ್ಲ' ಅನ್ನುವ ಮಾತನ್ನು ಬಿಟ್ಟುಬಿಡಿ. ಉಗಾಂಡಾದಲ್ಲಿ ಬರುವುದು ಬಹುತೇಕ ಫಾಲ್ಸಿಪರಮ್ ಜಾತಿಯದು, ಮಿದುಳಿಗೆ ಏರಿ ಪ್ರಾಣ ತೆಗೆಯುವಂಥದ್ದು. ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ತಡೆಗೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್ ಅಥವಾ ಅಟೊವಾಕ್ವೋನ್-ಪ್ರೊಗ್ವಾನಿಲ್. ಮೊದಲನೆಯದನ್ನು ವಾಪಸ್ ಬಂದ ಮೇಲೂ 4 ವಾರ ನುಂಗಬೇಕು, ಎರಡನೆಯದನ್ನು 7 ದಿನ. ಡಾಕ್ಸಿಸೈಕ್ಲಿನ್ ತಗೊಂಡವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹೊಲದಲ್ಲಿ ನಿಲ್ಲುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾವುದು ನಿಮಗೆ ಸರಿ ಎಂದು ವೈದ್ಯರೇ ಹೇಳಲಿ. ಔಷಧಿ ಹಚ್ಚಿದ ಸೊಳ್ಳೆಪರದೆ ಅಂತೂ ಬೇಕೇ ಬೇಕು.

ಇನ್ನು ಮೂರು ವಿಷಯ ಇಲ್ಲಿಂದ ಹೋಗುವವರಿಗೆ ಹೊಸದು. ಒಂದು, ಜಿಗ್ಗರ್ ಎಂಬ ಮಣ್ಣಿನ ಚಿಗಟ. ಬರಿಗಾಲಲ್ಲಿ ನಡೆದರೆ ಉಗುರಿನ ಸಂದಿಯಲ್ಲಿ ಹೊಕ್ಕು ಮೊಟ್ಟೆ ತುಂಬಿಕೊಳ್ಳುತ್ತದೆ. ತೋಟದಲ್ಲಿ ಗಂಬೂಟ್, ಅಂಗಳದಲ್ಲಿ ಮುಚ್ಚಿದ ಚಪ್ಪಲಿ. ಎರಡು, ಮ್ಯಾಂಗೋ ಫ್ಲೈ ಎಂಬ ನೊಣ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ, ಬಟ್ಟೆ ಹಾಕಿಕೊಂಡಾಗ ಮರಿಹುಳ ಚರ್ಮದೊಳಗೆ ಸೇರುತ್ತದೆ. ಅದಕ್ಕೇ ಕರೆಂಟ್ ಇಲ್ಲದ ಮನೆಯಲ್ಲೂ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇರುತ್ತದೆ. ಒಳಉಡುಪನ್ನೂ ಸೇರಿಸಿ ಎಲ್ಲವನ್ನೂ ಬಿಸಿ ಇಸ್ತ್ರಿ ಮಾಡಿ. ಮೂರು, ಬಿಲ್‌ಹಾರ್ಜಿಯಾ. ವಿಕ್ಟೋರಿಯಾ ಸರೋವರದ ದಡದಲ್ಲಿ, ನಿಂತ ನೀರಿನಲ್ಲಿ ಬಸವನಹುಳುವಿನ ಮೂಲಕ ಹರಡುವ ಹುಳ. ಎಷ್ಟೇ ಸೆಕೆ ಇರಲಿ, ಈಜಲು ಇಳಿಯಬೇಡಿ.

ಹಂತ 5: ಗಂಟು ಕಟ್ಟುವುದು

ತಲೆಗೆ ಕಟ್ಟುವ ದೀಪ, 20,000 ಎಂಎಎಚ್ ಪವರ್ ಬ್ಯಾಂಕ್ (ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ), ಉದ್ದ ತೋಳಿನ ಹತ್ತಿ ಅಂಗಿ, ಅಗಲ ಟೋಪಿ, ಕೆಲಸದ ಕೈಗವಸು, ಒಂದು ಸ್ವೆಟರ್. ಮಸಾಕಾ ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಇರುತ್ತದೆ. ಹೆಂಗಸರು ಉದ್ದ ಲಂಗ ಅಥವಾ ಚೂಡಿದಾರ ಒಯ್ದರೆ ಹಳ್ಳಿಯಲ್ಲಿ ಆರಾಮ. ಪ್ಲಗ್ ಮೂರು ಚೌಕ ಕಡ್ಡಿಯದು, ಬ್ರಿಟನ್ನಿನ ಹಾಗೆ. ಗಂಬೂಟ್ ಅಲ್ಲೇ ಕೊಳ್ಳಿ. ಬೀಜ, ಸಸಿ, ಮಣ್ಣು ಯಾವುದನ್ನೂ ಇಲ್ಲಿಂದ ಒಯ್ಯಬೇಡಿ. ರೋಗ ದಾಟುವುದೇ ಹಾಗೆ.

ಹಂತ 6: ತಲುಪುವುದು

ವಿಮಾನ ಇಳಿಯುವುದು ಎಂಟೆಬೆಯಲ್ಲಿ. ಉಗಾಂಡಾ ಏರ್‌ಲೈನ್ಸ್ 2023ರಲ್ಲಿ ಮುಂಬೈಯಿಂದ ನೇರ ವಿಮಾನ ಶುರು ಮಾಡಿತು. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ಬದಲಾಯಿಸಿ ಹೋಗುವ ದಾರಿಗಳೂ ಇವೆ. ರಾತ್ರಿ ಇಳಿದರೆ ಎಂಟೆಬೆಯಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ಅಲ್ಲಿ 'ಟ್ಯಾಕ್ಸಿ' ಅಂದರೆ 14 ಸೀಟಿನ ವ್ಯಾನ್, ತುಂಬಿದ ಮೇಲೆ ಹೊರಡುತ್ತದೆ. ಬಾಡಿಗೆ ಕಾರಿಗೆ 'ಸ್ಪೆಷಲ್ ಹೈರ್' ಅನ್ನುತ್ತಾರೆ. ಕೊನೆಯ ಮಣ್ಣುದಾರಿಗೆ ಬೋಡಾಬೋಡಾ ಎಂಬ ಬಾಡಿಗೆ ಬೈಕ್. ಹೆಲ್ಮೆಟ್ ಇಲ್ಲದೆ ಹತ್ತಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ.

ಪಾಸ್‌ಪೋರ್ಟ್ ತೋರಿಸಿ ಎಂಟಿಎನ್ ಅಥವಾ ಏರ್‌ಟೆಲ್ ಸಿಮ್ ತಗೊಳ್ಳಿ. ಹೌದು, ನಮ್ಮ ಏರ್‌ಟೆಲ್ಲೇ, 2010ರಿಂದ ಅಲ್ಲಿದೆ. ಹಳ್ಳಿಯಲ್ಲಿ ಎಟಿಎಂ ಇರುವುದಿಲ್ಲ, ಫೋನಿನ ಮೊಬೈಲ್ ಮನಿಯಲ್ಲೇ ತರಕಾರಿಯಿಂದ ಬೋಡಾ ಬಾಡಿಗೆವರೆಗೆ ನಡೆಯುತ್ತದೆ.

ಸಮಯದ ಲೆಕ್ಕ ಒಂದನ್ನು ಮೊದಲ ದಿನವೇ ಕಲಿತುಬಿಡಿ. ಲುಗಾಂಡಾ ಮಾತಿನಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. 'ಎರಡು ಗಂಟೆಗೆ ಬಾ' ಅಂದರೆ ಬೆಳಿಗ್ಗೆ ಎಂಟಕ್ಕೆ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು 12 ಗಂಟೆ ಇರುವುದರಿಂದ ಈ ಲೆಕ್ಕ ಅಲ್ಲಿ ಸರಿಯಾಗಿ ಕೂರುತ್ತದೆ.

ಹಂತ 7: ನೀರು, ಬೆಳಕು, ಕಕ್ಕಸು

ಮೊದಲ ಬೆಳಿಗ್ಗೆಯೇ ಒಂದು ಕ್ಯಾನ್ ಕೇಳಿ ತೆಗೆದುಕೊಂಡು ನೀರಿನವರ ಜೊತೆ ಹೋಗಿ. ನಿಮ್ಮ ಸ್ನಾನದ ನೀರನ್ನು ನೀವೇ ತರುವುದು ಎಂದು ಅವತ್ತೇ ರೂಢಿ ಮಾಡಿಕೊಳ್ಳಿ. ಹೊತ್ತವರಿಗೆ ಮಾತ್ರ ಆರೇಳು ಲೀಟರಿನಲ್ಲಿ ಸ್ನಾನ ಮುಗಿಸುವುದು ಬೇಗ ಬರುತ್ತದೆ. ಸೋಪಿನ ನೀರು ಬಾಳೆಯ ಬುಡಕ್ಕೆ. ಕುಡಿಯುವುದು ಕುದಿಸಿದ ನೀರು ಮಾತ್ರ, ಸೌದೆ ಉಳಿಸಲು ಅಡುಗೆ ಮುಗಿದ ಕೆಂಡದ ಮೇಲೇ ಇಡಿ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30 ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆಯಾದರೆ 600 ಲೀಟರ್, ಅಂದರೆ 30 ಕ್ಯಾನ್. ಸೂರಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಇಲ್ಲದ ಮನೆಯಾದರೆ, ನೀವು ಮಾಡಬಹುದಾದ ಅತ್ಯಂತ ಬೆಲೆಬಾಳುವ ಕೆಲಸ ಅದನ್ನು ಮನೆಯವರ ಜೊತೆ ಸೇರಿ ಕೂರಿಸುವುದೇ ಇರಬಹುದು. ಹೊಲದ ಪಾಠಕ್ಕೆ ಆಮೇಲೆ ಸಮಯವಿದೆ.

ಸೋಲಾರ್ ಫಲಕ ಒಂದೇ ಇರುತ್ತದೆ. ಚಾರ್ಜಿಗೆ ಮೊದಲು ಮನೆಯವರ ಫೋನ್, ಮಕ್ಕಳ ಓದಿನ ದೀಪ. ಉಳಿದರೆ ನಿಮ್ಮದು. ಮಲ, ಮೂತ್ರ ಬೇರೆ ಮಾಡುವ ಒಣ ಕಕ್ಕಸು ಇರುವ ಕಡೆ ಪ್ರತಿ ಸಲ ಒಂದು ಹಿಡಿ ಬೂದಿ ಹಾಕಬೇಕು, ನೀರು ಬೀಳಿಸಬಾರದು. ತೊಳೆದುಕೊಳ್ಳುವ ಅಭ್ಯಾಸದ ನಮಗೆ ಇದೇ ಕಷ್ಟ. ತೊಳೆಯಲು ಬೇರೆ ಜಾಗ ಎಲ್ಲಿ ಎಂದು ನಾಚಿಕೊಳ್ಳದೆ ಕೇಳಿ. ಆ ಗೊಬ್ಬರವನ್ನು ಕನಿಷ್ಠ ಒಂದು ವರ್ಷ ಮುಚ್ಚಿಟ್ಟು ಆಮೇಲೆ ಮರದ ಬುಡಕ್ಕೆ ಹಾಕುತ್ತಾರೆ.

ಹಂತ 8: ತೋಟದ ಕೆಲಸ

ಬಾಳೆತೋಟಕ್ಕೆ ಅಲ್ಲಿ ಲುಸುಕು ಅನ್ನುತ್ತಾರೆ. ಮನೆಯ ಸುತ್ತಲೇ ಇರುತ್ತದೆ. ಅಡುಗೆಮನೆಯ ಸಿಪ್ಪೆ, ಬೂದಿ, ಮೇಕೆ ಗೊಬ್ಬರ ಎಲ್ಲ ಅಲ್ಲಿಗೇ ಸೇರುತ್ತದೆ. ನಡುವೆ ಕಾಫಿ, ಮೇಲೆ ನೆರಳಿಗೆ ಮುಟುಬಾ ಮರ. ಇದು ನಮ್ಮ ಅತ್ತಿ, ಆಲದ ಜಾತಿಯ ಮರ. ಇದರ ತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡುತ್ತಾರೆ. ಮಸಾಕಾ ಸೇರಿರುವ ಬುಗಾಂಡಾ ಸೀಮೆಯ ಈ ಕಲೆ ಯುನೆಸ್ಕೋ ಪಟ್ಟಿಯಲ್ಲಿದೆ. ತೊಗಟೆ ತೆಗೆದ ಮರ ಸಾಯುವುದಿಲ್ಲ, ಗಾಯಕ್ಕೆ ಬಾಳೆ ಎಲೆ ಸುತ್ತಿದರೆ ಮತ್ತೆ ಬೆಳೆಯುತ್ತದೆ. ಹಾಗಾಗಿ ನೆರಳು ಜಾಸ್ತಿಯಾಯಿತು ಎಂದು ನಿಮ್ಮಷ್ಟಕ್ಕೆ ನೀವು ಯಾವ ಕೊಂಬೆಗೂ ಕತ್ತಿ ಹಾಕಬೇಡಿ.

ಕತ್ತಿಯ ಬಗ್ಗೆ ಇನ್ನೂ ದೊಡ್ಡ ಎಚ್ಚರಿಕೆ ಇದೆ. 2001ರಲ್ಲಿ ಉಗಾಂಡಾದಲ್ಲಿ ಬಾಳೆಗೆ ಬ್ಯಾಕ್ಟೀರಿಯಾದ ಸೊರಗು ರೋಗ ಕಾಣಿಸಿಕೊಂಡಿತು. ಎಲೆ ಹಳದಿಯಾಗುತ್ತದೆ, ಕಾಯಿ ಬಲಿಯುವ ಮೊದಲೇ ಹಣ್ಣಾಗಿ ಒಳಗೆ ಕೊಳೆಯುತ್ತದೆ, ದಿಂಡು ಕೊಯ್ದರೆ ಹಳದಿ ಕೀವು ಒಸರುತ್ತದೆ. ಔಷಧಿ ಇಲ್ಲ. ಇದು ಹರಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ಹೂವಿಗೆ ಬರುವ ಕೀಟಗಳಿಂದ ಮತ್ತು ಕತ್ತಿಯಿಂದ. ಉತ್ಸಾಹದ ಸ್ವಯಂಸೇವಕರೊಬ್ಬರು ಒಂದೇ ಕತ್ತಿ ಹಿಡಿದು ತೋಟವೆಲ್ಲ ಸುತ್ತಿ ಒಣಗಿದ ಎಲೆ ಕೊಯ್ದರೆ ಒಂದು ಮನೆಯ ವರ್ಷದ ಊಟವನ್ನೇ ಹಾಳು ಮಾಡಬಹುದು. ಪ್ರತಿ ಬುಡಕ್ಕೂ ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸಿ ಅಥವಾ ಬ್ಲೀಚ್ ನೀರಿನಲ್ಲಿ ಅದ್ದಿ. ಗೊನೆಯ ಕೊನೆಯ ಹಣಿಗೆ ಮೂಡಿದ ಮೇಲೆ ಬಾಳೆ ಮೂತಿಯನ್ನು ಕತ್ತಿ ಮುಟ್ಟಿಸದೆ ಕವೆಗೋಲಿನಿಂದ ತಿರುಚಿ ಮುರಿಯುತ್ತಾರೆ. ಮೂತಿ ಪಲ್ಯ ಗೊತ್ತಿರುವ ನಮ್ಮವರ ಕೈ ಕತ್ತಿಗೆ ಹೋಗುವುದು ಸಹಜ. ತಡೆದುಕೊಳ್ಳಿ.

ಒಂದು ಬುಡದಲ್ಲಿ ಉಳಿಸುವುದು ಮೂರು ತಲೆಮಾರು: ಅಮ್ಮ, ಮಗಳು, ಮೊಮ್ಮಗಳು. ಉಳಿದ ಕಂದುಗಳನ್ನು ತೆಗೆಯುತ್ತಾರೆ. ಹುಲ್ಲು, ಕಾಫಿ ಸಿಪ್ಪೆಯ ಮುಚ್ಚಿಗೆ ದಪ್ಪಗೆ ಬೇಕು, ಆದರೆ ಬುಡದಿಂದ ಒಂದೆರಡು ಅಡಿ ಬಿಟ್ಟು. ಬುಡಕ್ಕೆ ತಾಗಿದರೆ ಮೂತಿಹುಳ ಬಂದು ಕೂರುತ್ತದೆ. ಕೊಯ್ದ ದಿಂಡನ್ನು ಸೀಳಿ ನೆಲಕ್ಕೆ ಬೋರಲು ಹಾಕಿಟ್ಟು ಬೆಳಿಗ್ಗೆ ಮಗುಚಿದರೆ ಅಡಿಯಲ್ಲಿ ಹುಳಗಳು ಸಿಗುತ್ತವೆ, ಆರಿಸಿ ಸಾಯಿಸಬಹುದು. ದಿನಾ ಬೆಳಿಗ್ಗೆ ತಪ್ಪದೆ ಮಾಡಬೇಕಾದ ಈ ಕೆಲಸ ಸ್ವಯಂಸೇವಕರಿಗೆ ಹೇಳಿ ಮಾಡಿಸಿದಂಥದ್ದು.

ನೆಲ ಅಗೆಯಲು ಅಗಲ ಅಲಗಿನ ಎನ್‌ಕುಂಬಿ ಗುದ್ದಲಿ. ಬೆಳಕು ಹರಿಯುವಾಗ ಶುರು, ಬಿಸಿಲು ಏರುವ ಮೊದಲು ನಿಲ್ಲಿಸುವುದು. ಮೊದಲ ವಾರ ಮನೆಯವರ ವೇಗಕ್ಕೆ ಸಮ ಹೋಗಲು ನೋಡಬೇಡಿ. ಅಂಗೈ ಬೊಕ್ಕೆ ಎದ್ದರೆ ನಾಲ್ಕು ದಿನ ಸುಮ್ನೆ ಕೂರಬೇಕಾಗುತ್ತದೆ.

ಈಗ ಜೀವಾಮೃತದ ವಿಷಯ. ಕರ್ನಾಟಕದಿಂದ ಹೋದ ನೈಸರ್ಗಿಕ ಕೃಷಿಯ ಅಭಿಮಾನಿಗಳಿಗೆ ಅದನ್ನು ಹೇಳಿಕೊಡುವ ಆಸೆ ಇದ್ದೇ ಇರುತ್ತದೆ. ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು. ಆ ತೋಟದ ಕಣ್ಣಿನಿಂದ ಇದನ್ನೇ ನೋಡಿ. 200 ಲೀಟರ್ ಅಂದರೆ ಯಾರೋ ಹೊತ್ತ 10 ಕ್ಯಾನ್. 2 ಕಿಲೋ ಬೀನ್ಸ್ ಹಿಟ್ಟು ಅಂದರೆ ಮನೆಮಂದಿಯ ಊಟ. ಅನೇಕ ಮನೆಗಳಲ್ಲಿ ಹಸುವೇ ಇಲ್ಲ, ಮೇಕೆ ಮಾತ್ರ. ಆಸಕ್ತಿ ತೋರಿಸಿ ಕೇಳಿದರೆ ಹತ್ತನೇ ಒಂದು ಪಾಲು, ಅಂದರೆ ಒಂದು ಕ್ಯಾನಿನಷ್ಟು, ಮಳೆನೀರಿನಲ್ಲಿ ಮಾಡಿ ಸಸಿಮಡಿಗೆ ಹಾಕಿ ನೋಡಿ.

ಅದಕ್ಕಿಂತ ಮುಂಚೆ ಅವರಲ್ಲೇ ಇರುವುದನ್ನು ಕಲಿಯಿರಿ. ಬೇಲಿಗೆ ಬೆಳೆಯುವ ಹಳದಿ ಹೂವಿನ ಟಿಥೋನಿಯಾ ಗಿಡದ ಸೊಪ್ಪಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಚೆನ್ನಾಗಿದೆ. ಕೊಚ್ಚಿ ಗೋಣಿಯಲ್ಲಿ ತುಂಬಿ ಪೀಪಾಯಿ ನೀರಿನಲ್ಲಿ ಎರಡು ವಾರ ನೆನೆಸುತ್ತಾರೆ. ಆ ರಸಕ್ಕೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ತರಕಾರಿಗೆ ಹಾಕುತ್ತಾರೆ. ಖರ್ಚು ಸೊನ್ನೆ. ಜೋಳದ ಕಾಂಡಕೊರಕಕ್ಕೆ ಕೀನ್ಯಾದ ಇಸಿಪೆ ಸಂಸ್ಥೆ ಬೆಳೆಸಿದ ತಳ್ಳು-ಸೆಳೆ ಪದ್ಧತಿಯೂ ಈ ಕಡೆ ಕೆಲವರಲ್ಲಿದೆ. ಸಾಲುಗಳ ನಡುವೆ ಬೆಳೆಸುವ ಡೆಸ್ಮೋಡಿಯಂ ಎಂಬ ಗಿಡ ಕಾಂಡಕೊರಕದ ಚಿಟ್ಟೆಯನ್ನು ಓಡಿಸುತ್ತದೆ, ಹೊಲದ ಅಂಚಿನ ನೇಪಿಯರ್ ಹುಲ್ಲು ಅದನ್ನು ತನ್ನತ್ತ ಎಳೆಯುತ್ತದೆ. ಎರಡೂ ಆಮೇಲೆ ಮೇವು.

ಹಂತ 9: ಊಟ

ಬಾಳೆಕಾಯಿಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ಹಿಚುಕಿದ ಮಟೋಕೆ, ಬೀನ್ಸ್, ಶೇಂಗಾ ಸಾರು, ದಂಟಿನ ಸೊಪ್ಪು, ಬೆಣ್ಣೆಹಣ್ಣು. ಸಸ್ಯಾಹಾರಿಗಳಿಗೆ ಹೊಟ್ಟೆಗೇನೂ ಕಡಿಮೆಯಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಡಿ: ಶೇಂಗಾ ಸಾರಿಗೆ ಮುಕೆನೆ ಎಂಬ ಪುಟ್ಟ ಒಣಮೀನನ್ನು ಕುಟ್ಟಿ ಹಾಕುವುದುಂಟು. ನವೆಂಬರ್ ಹೊತ್ತಿಗೆ ಮಸಾಕಾದಲ್ಲಿ ನ್ಸೆನೆನೆ ಮಿಡತೆಯ ಸುಗ್ಗಿ. ಪ್ರೀತಿಯಿಂದ ಕೊಡುತ್ತಾರೆ, ಬೇಡವಾದರೆ ನಗುತ್ತಾ ಕೈಮುಗಿದರೆ ಸಾಕು.

ರಾಗಿ ಕಂಡರೆ ಆಶ್ಚರ್ಯಪಡಬೇಡಿ. ಅದರ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ಮರಗೆಣಸಿನ ಹಿಟ್ಟು ಬೆರೆಸಿ ಮುದ್ದೆಯಂತೆ ತಿರುವುತ್ತಾರೆ, ಹುಳಿ ಬರಿಸಿದ ಅಂಬಲಿಯನ್ನೂ ಕುಡಿಯುತ್ತಾರೆ. ಮುದ್ದೆ ತಿರುವಲು ಬರುವವರು ಅಡುಗೆಮನೆಗೆ ಹೋಗಿ ಕೋಲು ಹಿಡಿಯಿರಿ. ಅಲ್ಲಿ ಮಾತು ಬೇಕಾಗುವುದಿಲ್ಲ.

ಹಂತ 10: ಜನ

ನಮಸ್ಕಾರ ಹೇಳದೆ ಮಾತು ಶುರು ಮಾಡಬೇಡಿ. ಬೆಳಿಗ್ಗೆ 'ವಸೂಜೆ ಒಟ್ಯ', ಗಂಡಸರಿಗೆ 'ಸ್ಸೆಬೊ', ಹೆಂಗಸರಿಗೆ 'ನ್ಯಾಬೊ' ಸೇರಿಸಿ. ಕೆಲಸ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ 'ಜೆಬಾಲೆ ಕೊ' ಅನ್ನಿ, ದುಡಿಯುತ್ತಿರುವುದಕ್ಕೆ ಧನ್ಯವಾದ ಎಂದು ಅರ್ಥ. ಅವರು ನಿಮಗೆ ಅದನ್ನು ಹೇಳಿದ ದಿನ ನಿಮ್ಮ ಕೆಲಸ ಅವರ ಕಣ್ಣಿಗೆ ಬಿದ್ದಿದೆ ಅಂತ ತಿಳಿಯಿರಿ.

ಭಾರತದವರು ಅಲ್ಲಿ ಮುಯಿಂದಿ. ಅಂಗಡಿ, ಸಕ್ಕರೆ ಕಾರ್ಖಾನೆ, ಕಬ್ಬಿನ ತೋಟಗಳ ಒಡೆಯರಾಗಿ ಭಾರತೀಯರನ್ನು ಅವರು ನೋಡಿದ್ದಾರೆ. 1972ರಲ್ಲಿ ಆಗಿನ ಅಧ್ಯಕ್ಷ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯಾ ಮೂಲದವರನ್ನು ಹೊರಗೆ ಹಾಕಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆಮೇಲೆ ಎಷ್ಟೋ ಕುಟುಂಬಗಳು ವಾಪಸ್ ಬಂದವು. ಹೀಗಾಗಿ ಗುದ್ದಲಿ ಹಿಡಿದ ಭಾರತೀಯರು ಅವರಿಗೆ ಹೊಸ ನೋಟ. 'ಇಲ್ಲಿ ಜಮೀನು ಕೊಳ್ಳಲು ಬಂದಿದ್ದೀಯಾ?' ಎಂದು ಕೇಳಬಹುದು. ಬೇಸರ ಮಾಡಿಕೊಳ್ಳಬೇಡಿ, ಆ ಪ್ರಶ್ನೆಗೆ ಕಾರಣವಿದೆ. ಇಲ್ಲ ಎಂದು ನೇರವಾಗಿ ಹೇಳಿ, ನಿಮ್ಮ ಊರಿನ ಕೃಷಿಯ ಬಗ್ಗೆ ಮಾತಾಡಿ.

ಊರಲ್ಲಿ ಸಾವಾದರೆ ಮಣ್ಣು ಮಾಡುವವರೆಗೆ ಯಾರೂ ಹೊಲ ಅಗೆಯುವುದಿಲ್ಲ. ಅವತ್ತು ನೀವೂ ಗುದ್ದಲಿ ಮುಟ್ಟದೆ ಮನೆಯವರ ಜೊತೆ ಹೋಗಿ ಕೂರಿ. ಮಕ್ಕಳ ಫೋಟೋ ತೆಗೆಯುವ ಮೊದಲು ತಂದೆತಾಯಿಯನ್ನು ಕೇಳಿ. ಶಾಲೆಯ ಫೀಸಿಗೆ ಸಹಾಯ ಕೇಳುವವರು ಬಂದೇ ಬರುತ್ತಾರೆ. ಒಬ್ಬರಿಗೆ ಗುಟ್ಟಾಗಿ ಕೊಟ್ಟರೆ ನೀವು ಹೋದ ಮೇಲೆ ಊರಿನಲ್ಲಿ ಉಳಿಯುವುದು ಜಗಳ. ಮನೆಯವರ ಜೊತೆ ಮಾತಾಡದೆ ಏನನ್ನೂ ಒಪ್ಪಿಕೊಳ್ಳಬೇಡಿ. ಸಲಿಂಗ ಸಂಬಂಧದ ವಿರುದ್ಧ 2023ರ ಕಾನೂನು ಜೀವಾವಧಿ ಶಿಕ್ಷೆ, ಕೆಲವು ಪ್ರಕರಣಗಳಲ್ಲಿ ಮರಣದಂಡನೆಯವರೆಗೂ ಹೋಗುತ್ತದೆ. ಇದು ತಮಗೆ ತಾಕುವ ವಿಷಯ ಆಗಿರುವವರು ಹೋಗಬೇಕೇ ಎಂದು ಎರಡು ಸಲ ಯೋಚಿಸಿ.

ಹಂತ 11: ಹೊರಡುವಾಗ ಮತ್ತು ಆಮೇಲೆ

ಕೊನೆಯ ಮೂರು ವಾರದಲ್ಲಿ ಹೊಸ ಕೆಲಸ ಶುರು ಮಾಡಬೇಡಿ. ಅರ್ಧ ಕಟ್ಟಿದ ಕೋಳಿಗೂಡು ಮನೆಯವರ ತಲೆಯ ಮೇಲೆ ಬೀಳುತ್ತದೆ. ಎಲ್ಲಿ ಏನು ನೆಟ್ಟಿರಿ, ಯಾವ ದಿನ, ಯಾವ ಬುಡದಲ್ಲಿ ರೋಗ ಕಂಡಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಸಮೇತ ಬರೆದು ಕೊಟ್ಟುಬನ್ನಿ. ಗಂಬೂಟ್, ತಲೆದೀಪ, ಸೊಳ್ಳೆಪರದೆ ಬಿಟ್ಟುಬನ್ನಿ, ಹಂಚುವ ಕೆಲಸವನ್ನು ಮನೆಯ ಯಜಮಾನಿಗೆ ಬಿಡಿ. ಮಣ್ಣು ಮೆತ್ತಿದ ಶೂಗಳನ್ನು ತೊಳೆದು ಒಣಗಿಸದೆ ನಮ್ಮ ತೋಟಕ್ಕೆ ಇಳಿಸಬೇಡಿ. ಆ ಬಾಳೆ ರೋಗ ನಮಗೆ ಬೇಡ.

ಮಲೇರಿಯಾ ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ನುಂಗಿ. ವಾಪಸ್ ಬಂದು ತಿಂಗಳುಗಳು ಕಳೆದ ಮೇಲೂ ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. 'ಉಗಾಂಡಾದಲ್ಲಿದ್ದೆ' ಎಂದು ವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿ. ಕೆರೆ, ಸರೋವರದ ನೀರಿಗೆ ಇಳಿದಿದ್ದರೆ ಅದನ್ನೂ ಹೇಳಿ, ಬಿಲ್‌ಹಾರ್ಜಿಯಾಗೆ ಬೇರೆ ಪರೀಕ್ಷೆ, ಬೇರೆ ಮಾತ್ರೆ ಇದೆ.